ಮೀನು ಹಾಕಬಾರದ ಕಾರು

ಜಿತೇಂದ್ರ ಮುಂಬೈಯಿಂದ ಊರಿಗೆ ಮರಳಿ, ಕುಂದಾಪುರದ ಹೆದ್ದಾರಿ ಪಕ್ಕದಲ್ಲಿ ಬಾಡಿಗೆ ಕಾರಿನ ವ್ಯವಹಾರ ಶುರುಮಾಡಿ ಎರಡು ವರ್ಷವಾಗಿತ್ತು. ಅವನಲ್ಲಿ ಇದ್ದದ್ದು ನಾಲ್ಕು ಕಾರು. ನಾಲ್ಕಕ್ಕೂ ಕಪ್ಪು ನಂಬರ್ ಪ್ಲೇಟು, ಹಳದಿ ಅಕ್ಷರ. ಅಂದರೆ ಡ್ರೈವರ್ ಇಲ್ಲದೆ, ಬಾಡಿಗೆಗೆ ಪಡೆದವರೇ ಓಡಿಸಿಕೊಂಡು ಹೋಗುವ ಗಾಡಿಗಳು. ರಜೆಗೆ ಬಂದವರು, ಮದುವೆಗೆ ಬಂದವರು, ಕೊಲ್ಲೂರಿಗೆ ಹೋಗುವವರು ಒಯ್ಯುತ್ತಿದ್ದರು. ಆದರೆ ಜನವರಿಯ ಆ ಬೆಳಿಗ್ಗೆ ಬಂದು ಕೂತ ಹುಡುಗಿ ಮೇಜಿನ ಮೇಲಿಟ್ಟ ಪಾಸ್‌ಪೋರ್ಟನ್ನು ಅವನು ತಿರುವಿ ತಿರುವಿ ನೋಡಿದ. ದೇಶ ನಾರ್ವೆ. ಹೆಸರು ಮೋಕ್ಷಿತಾ. ಮಾತು ಮಾತ್ರ ಅಪ್ಪಟ ಕುಂದಾಪ್ರ ಕನ್ನಡ.

"ನಂಗೆ ಹತ್ ದಿನಕ್ಕ್ ಒಂದ್ ಕಾರ್ ಬೇಕಿತ್ತ್. ಲೈಸೆನ್ಸ್ ಇತ್ತ್. ಇಂಟರ್‌ನ್ಯಾಶನಲ್ ಪರ್ಮಿಟೂ ಮಾಡ್ಸ್ಕಂಡ್ ಬಂದಿದೆ."

"ಓಡ್ಸುದ್ ಯಾರ್?"

"ನಾನೇ."

ಜಿತೇಂದ್ರ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮುಖ ನೋಡಿದ. ಅವಳ ಹೆಸರು ಸುಂದರಿ, ಹುಡುಗಿಯ ಅತ್ತೆ, ಅಂದರೆ ಅಪ್ಪನ ಅಕ್ಕ. ಕಿರಿಮಂಜೇಶ್ವರದ ಕಡಲ ಬದಿಯ ಮನೆ. ಐವತ್ತಮೂರು ವರ್ಷದ ಸುಂದರಿ ಗಂಗೊಳ್ಳಿಯ ಬಂದರಿನಲ್ಲಿ ಏಲಂ, ಅಂದರೆ ಹರಾಜು, ಕೂಗಿ ಮೀನು ಕೊಂಡು, ಕುಂದಾಪುರದ ಮಾರ್ಕೆಟ್ಟಿನಲ್ಲಿ ಮಾರುವವಳು. ಗಂಡ ತೀರಿಕೊಂಡು ಹನ್ನೆರಡು ವರ್ಷ. ಒಬ್ಬಳೇ ಮಗಳು ಮಲ್ಪೆಯಲ್ಲಿ ಸಂಸಾರ ಮಾಡುತ್ತಿದ್ದಾಳೆ. ತಮ್ಮ ಪ್ರೇಮಾನಂದ ಹಡಗಿನ ಕೆಲಸಕ್ಕೆಂದು ಹೋದವನು ನಾರ್ವೆಯ ಬರ್ಗೆನ್ ಎಂಬ ಊರಿನಲ್ಲಿ ನೆಲೆ ನಿಂತಿದ್ದ. ಅವನ ಮಗಳೇ ಮೋಕ್ಷಿತಾ. ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಬಂದುಹೋದವಳು ಈಗ ಇಪ್ಪತ್ತಾರನೆಯ ವಯಸ್ಸಿನಲ್ಲಿ ಒಬ್ಬಳೇ ಬಂದಿದ್ದಳು.

"ಅಲ್ಲಿ ಎಂತ ಕೆಲ್ಸ ಮಾಡ್ತ್ರಿ?" ಎಂದು ಜಿತೇಂದ್ರ ಕೇಳಿದ.

"ಪೋಸ್ಟಿನ ವ್ಯಾನ್ ಓಡ್ಸ್ತೆ. ಐದ್ ವರ್ಷ ಆಯ್ತ್. ಹಿಮ ಬಿದ್ದ್ ರಸ್ತೆ ಕಾಣ್ದಿದ್ರೂ ಓಡ್ಸ್ತೆ."

"ಹಿಮ ಬೇರೆ, ನಮ್ಮ್ ಬಸ್ಸಿನವ್ರ್ ಬೇರೆ," ಎಂದ ಜಿತೇಂದ್ರ. "ಅಲ್ಲಿ ಬಲಗಡೆ ಹೋಪುದ್. ಇಲ್ಲಿ ಎಡಗಡೆ. ಗೇರ್ ಎಡಗೈಯಂಗೆ. ಟೆನ್ಶನ್ ನಿಮ್ಗಲ್ಲ, ನಂಗೆ."

ಬೇರೆ ದೇಶದಲ್ಲಿ ಕಾರು ಬಾಡಿಗೆಗೆ ಪಡೆಯುವುದು ಮೋಕ್ಷಿತಾಳಿಗೆ ಇದೇ ಮೊದಲು. ಅಪ್ಪ ಫೋನಿನಲ್ಲಿ ಬೇಡವೇ ಬೇಡ, ಡ್ರೈವರನ್ನು ಇಟ್ಟುಕೋ ಎಂದಿದ್ದ. ಆದರೆ ಅತ್ತೆಗೆ ನಸುಕಿನಿಂದ ಮಧ್ಯಾಹ್ನದ ತನಕ ಮೀನಿನ ಕೆಲಸ. ತಾನು ಮಾತ್ರ ಯಾರೋ ಕರೆದುಕೊಂಡು ಹೋಗಲಿ ಎಂದು ಜಗಲಿಯಲ್ಲಿ ಕಾಯುತ್ತ ಕೂರುವುದು ಅವಳಿಗೆ ಒಗ್ಗಲಿಲ್ಲ. ಅವಳು ಕಾರಿನ ಸುತ್ತ ಬಂದು, ಇದ್ದ ಗೀರುಗಳನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಟಯರ್ ಒತ್ತಿ ನೋಡಿದಳು. ಸ್ಟೆಪ್ನಿ ತೆಗೆಸಿ ನೋಡಿದಳು. ಜಿತೇಂದ್ರನಿಗೆ ಅವಳ ಮೇಲೆ ಅರ್ಧ ನಂಬಿಕೆ ಬಂದದ್ದು ಆಗಲೇ.

ಷರತ್ತಿನ ಕಾಗದವನ್ನು ಅವನೇ ಓದಿ ಹೇಳಿದ. ಕುಡಿದು ಓಡಿಸಬಾರದು. ಬೇರೆಯವರ ಕೈಗೆ ಕೊಡಬಾರದು. ಜಿಲ್ಲೆ ದಾಟುವುದಿದ್ದರೆ ಮೊದಲೇ ಹೇಳಬೇಕು. ಕೊನೆಯದೊಂದನ್ನು ಪೆನ್ನಿನಲ್ಲಿ ಬರೆದಿತ್ತು: ಕಾರಿನಲ್ಲಿ ಮೀನು ಸಾಗಿಸಬಾರದು.

ಸುಂದರಿ ಅದಕ್ಕೇ ಕಾದವಳಂತೆ, "ಎಂತಕ್ಕೆ? ನೀನ್ ಮೀನ್ ತಿಂಬುದಿಲ್ಯಾ?" ಎಂದಳು.

"ದಿನಾ ತಿಂತೆ ಅಕ್ಕ. ಆದ್ರೆ ಗಾಡಿ ತಿಂಬುದಿಲ್ಲೆ. ಹಿಂದಿನ್ ಸಲ ಒಬ್ರ್ ಅಂಜಲ್ ಮೀನ್ ಹಾಕ್ಕಂಡ್ ಹೋಯಿ, ಆ ಕಾರನ್ನ ಎರ್ಡ್ ವಾರ ಯಾರೂ ಮುಟ್ಲಿಲ್ಲೆ."

ಮೋಕ್ಷಿತಾ ನಕ್ಕು ಸಹಿ ಹಾಕಿದಳು.

ಮೊದಲ ದಿನ ಸುಂದರಿಯ ಮಾತಿನಂತೆ ಹಟ್ಟಿಯಂಗಡಿಯ ಗಣಪತಿಗೆ ಹೋಗಿ ಕೈಮುಗಿದರು. ಹೋಗುವಾಗ ಎಲ್ಲವೂ ಸರಿಯಿತ್ತು. ಎರಡು ಸಲ ಇಂಜಿನ್ ಬಂದ್ ಬಿದ್ದದ್ದು, ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದ್ದು, ಅಷ್ಟೇ. ಬರುವಾಗ ದೇವಸ್ಥಾನದ ಎದುರಿನಿಂದ ಕಾರು ತಿರುಗಿಸಿ ಹೊರಟ ಮೋಕ್ಷಿತಾಳಿಗೆ ಖಾಲಿ ರಸ್ತೆ ಕಂಡದ್ದೇ ಕೈ ತನ್ನ ಊರಿನ ಅಭ್ಯಾಸಕ್ಕೆ ಜಾರಿತು. ಬಲಬದಿ ಹಿಡಿದು ಹಾಯಾಗಿ ಓಡಿಸತೊಡಗಿದಳು. ಕಾರು ಓಡಿಸಲು ಬಾರದ ಸುಂದರಿಗೂ ಏನೋ ತಪ್ಪಿದೆ ಎನ್ನಿಸಿತು. ಏನೆಂದು ಹೊಳೆಯುವಷ್ಟರಲ್ಲಿ ತಿರುವಿನಿಂದ ಬಸ್ಸು ಬಂತು.

"ಹೆಣೆ, ಎಡಕ್ಕ್! ಎಡಕ್ಕ್!"

ಮೋಕ್ಷಿತಾ ಸ್ಟೇರಿಂಗ್ ಎಳೆದಳು. ಕಾರು ಎಡಬದಿಯ ಮಣ್ಣಿಗಿಳಿದು, ಒಂದು ಕಲ್ಲಿಗೆ ಮೊಳ ದೂರದಲ್ಲಿ ನಿಂತಿತು. ಬಸ್ಸಿನ ಡ್ರೈವರ್ ತಲೆ ಹೊರಹಾಕಿ ಬೈದದ್ದು ಅವಳಿಗೆ ಕೇಳಿಸಲಿಲ್ಲ. ಬಸ್ಸು ಹೋದ ಮೇಲೂ ಅವಳು ಸ್ಟೇರಿಂಗ್ ಬಿಡಲಿಲ್ಲ.

"ಅತ್ತೆ, ಕಾರನ್ನ ಇವತ್ತೇ ವಾಪಸ್ ಕೊಡುವ. ಅಪ್ಪ ಹೇಳದ್ದೇ ಸರಿ. ನಿಮ್ಗ್ ಎಂತಾರೂ ಆಯಿದ್ರೆ?"

ಸುಂದರಿ ಸೀಟಿನ ಬೆಲ್ಟು ಬಿಚ್ಚಿ, ಕೆಳಗಿಳಿದು, ಕಾರಿನ ಸುತ್ತ ಒಂದು ಸುತ್ತು ಬಂದಳು. ಮತ್ತೆ ಬಂದು ಕೂತು ಬಾಗಿಲು ಹಾಕಿಕೊಂಡಳು.

"ನಾನ್ ಮೊದಲ್ನೇ ದಿನ ಏಲಂ ಕೂಗುಕೆ ಹೋದಾಗ ನಲ್ವತ್ ಅಂಬಲ್ಲಿ ನಾನ್ನೂರ್ ಅಂದಿದೆ. ಇಡೀ ಗಂಗೊಳ್ಳಿ ನೆಗ್ಯಾಡ್ತ್. ಮರುದಿನ ಹೋಪುದ್ ಬ್ಯಾಡ ಅಂದ್ಕಂಡಿದೆ. ಹೋಯ್ದೆ ಇದ್ದಿದ್ರೆ ಇವತ್ತ್ ಎಂತ ಆತಿದ್ದಿತ್ತ್? ತಪ್ಪಾದ್ದ್ ಹೌದ್. ಇನ್ಮೇಲೆ ತಿರ್ಗ್ಸುವಾಗ ಎಲ್ಲ ನಾ ಹೇಳ್ತೆ. ನೀ ರಸ್ತೆ ಕಾಣ್. ಈಗ ನಿಧಾನ ಹೋಪ."

ಹಾಗೆಯೇ ಮಾಡಿದರು. ಪ್ರತಿ ತಿರುವಿನಲ್ಲಿ, ಪ್ರತಿ ಸಲ ಕಾರು ಹೊರಡುವಾಗ, ಸುಂದರಿ "ಎಡ" ಎನ್ನುತ್ತಿದ್ದಳು. ಎರಡನೇ ದಿನ ಬೈಂದೂರಿನ ತನಕ ಹೋಗಿ ಬಂದರು. ಹಾರ್ನ್ ಹಾಕುವುದೆಂದರೆ ಬೈದ ಹಾಗೆ ಎಂದು ತಿಳಿದಿದ್ದ ಮೋಕ್ಷಿತಾ, ಇಲ್ಲಿ ಅದು 'ನಾನು ಇಲ್ಲಿದ್ದೇನೆ' ಎಂದು ಹೇಳುವ ಮಾತು ಎಂದು ಕಲಿತಳು. ಮೂರನೇ ದಿನ ಸುಂದರಿ ಹೇಳುವ ಮೊದಲೇ ಅವಳ ಕೈ ಎಡಕ್ಕೆ ಹೋಗುತ್ತಿತ್ತು.

ನಾಲ್ಕನೇ ದಿನ ಭಾನುವಾರ. ಬೆಳಕು ಹರಿಯುವ ಹೊತ್ತಿಗೆ ಮೋಕ್ಷಿತಾ ಅತ್ತೆಯನ್ನು ಗಂಗೊಳ್ಳಿಯ ಬಂದರಿಗೆ ಬಿಟ್ಟಳು. ಬೋಟುಗಳಿಂದ ಬುಟ್ಟಿಗಳು ಇಳಿಯುತ್ತಿದ್ದವು. ಸುಂದರಿ ಜನರ ನಡುವೆ ನುಗ್ಗಿ, ಒಂದು ಕಣ್ಣಿನಲ್ಲಿ ಮೀನಿನ ಕಿವಿರು ನೋಡಿ, ಇನ್ನೊಂದರಲ್ಲಿ ಎದುರಿನವರ ಮುಖ ನೋಡಿ, ಮೂವತ್ತು ಕಿಲೋ ಬಂಗುಡೆ ಮೀನು ಕೊಂಡಳು. ಅದು ಮಾರ್ಕೆಟ್ಟಿಗಲ್ಲ, ಬ್ರಹ್ಮಾವರದ ಪ್ರಫುಲ್ಲಾಳಿಗೆ. ಪ್ರಫುಲ್ಲಾ ಸಮಾರಂಭಗಳಿಗೆ ಊಟ ಮಾಡಿಸಿಕೊಡುವವಳು. ಅಂದು ಒಂದು ಶಾಲೆಯ ಹಳೆ ವಿದ್ಯಾರ್ಥಿಗಳ ಕೂಟ, ನೂರೈವತ್ತು ಎಲೆ. ಒಂಬತ್ತರೊಳಗೆ ಮೀನು ಮುಟ್ಟಬೇಕು ಎಂದಿದ್ದಳು. ಅವಳಿಂದ ಸುಂದರಿಗೆ ಸಿಕ್ಕ ಮೊದಲ ಆರ್ಡರ್ ಅದು.

ಮೀನಿಗೆ ಮಂಜುಗಡ್ಡೆ ಹಾಕಿ ಎರಡು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತುಂಬುವ ಹೊತ್ತಿಗೆ ಫೋನು ಬಂತು. ದಿನಾ ಮೀನು ಒಯ್ಯುವ ಗೂಡ್ಸ್ ರಿಕ್ಷಾದ ಯತೀಶ್. ತ್ರಾಸಿಯ ಹತ್ತಿರ ಗಾಡಿ ಕೆಟ್ಟು ನಿಂತಿದೆ, ಮೆಕ್ಯಾನಿಕ್ ಬರುವುದು ಹತ್ತು ಗಂಟೆಗೆ.

ಸುಂದರಿ ಇನ್ನೂ ಮೂವರಿಗೆ ಫೋನ್ ಮಾಡಿದಳು. ಭಾನುವಾರ, ಎಲ್ಲ ಗಾಡಿಗಳೂ ಹೊರಟುಹೋಗಿದ್ದವು. ಬಸ್ಸಿನವರು ಪೆಟ್ಟಿಗೆ ಹತ್ತಿಸುವುದಿಲ್ಲ. ಅವಳು ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟಳು. ಕೂರುವಾಗ ಮಂಡಿ ಹಿಡಿದುಕೊಂಡದ್ದನ್ನು ಮೋಕ್ಷಿತಾ ನೋಡಿದಳು.

"ಅತ್ತೆ, ಕಾರಂಗೆ ಹಾಕುವ."

"ಸುಮ್ನಿರ್. ಬರ್ದ್ ಕೊಟ್ಟಿದ್ಯಲೆ ನೀನ್. ಸಹಿ ಹಾಕಿದ್ಮೇಲೆ ಆಯ್ತ್."

"ಜಿತೇಂದ್ರ ಅಣ್ಣನ್ನ ಕೇಂತೆ."

ಎರಡು ಸಲ ಕರೆ ಮಾಡಿದಳು. ಅವನು ಎತ್ತಲಿಲ್ಲ. ಗಡಿಯಾರ ಏಳೂಮುಕ್ಕಾಲು ತೋರಿಸುತ್ತಿತ್ತು. ಮೋಕ್ಷಿತಾ ಫೋನು ಬಾಯಿಗೆ ಹಿಡಿದು ವಾಯ್ಸ್ ಮೆಸೇಜು ಕಳಿಸಿದಳು: "ಜಿತೇಂದ್ರ ಅಣ್ಣ, ನಾನ್ ಮೋಕ್ಷಿತಾ. ನಿಮ್ಮ್ ಕಾರಂಗೆ ಮೀನ್ ಹಾಕ್ತಿದ್ದೆ. ತಪ್ಪ್ ಅಂದೇಳಿ ಗೊತ್ತಿತ್ತ್. ಅತ್ತೆಗ್ ಬೇರೆ ದಾರಿ ಇಲ್ಲೆ. ಎಂತ ಖರ್ಚ್ ಬಂದ್ರೂ ನಾನ್ ಕೊಡ್ತೆ. ಬ್ರಹ್ಮಾವರದಿಂದ ಸೀದಾ ನಿಮ್ಮಲ್ಲಿಗೇ ಬತ್ತೆ."

ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಗೋಣಿ ಹಾಸಿ ಪೆಟ್ಟಿಗೆ ಇಟ್ಟರು. ಗಂಗೊಳ್ಳಿಯಿಂದ ಹೆದ್ದಾರಿಗೆ ಬರುವ ದಾರಿಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಮೋಕ್ಷಿತಾ ಎರಡನ್ನೂ ನೋಡಲಿಲ್ಲ. ಎಡಗೈ ಗೇರಿನ ಮೇಲೆ, ಕಣ್ಣು ರಸ್ತೆಯ ಮೇಲೆ. ತಲ್ಲೂರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಹಾರ್ನ್ ಹಾಕಿ, ಕಾದು, ದಾಟಿದಳು. ಕೋಟದ ಹತ್ತಿರ ಸುಂದರಿ ಹಿಂದೆ ಕೈಹಾಕಿ ನೋಡಿದಳು. ಒಂದು ಪೆಟ್ಟಿಗೆಯ ಮೂಲೆ ಬಿರುಕು ಬಿಟ್ಟು ನೀರು ಸೋರುತ್ತಿತ್ತು. ಪ್ಲಾಸ್ಟಿಕ್ ಸರಿದು ಹೋಗಿತ್ತು.

"ನಿಲ್ಸುದಾ?" ಎಂದಳು ಮೋಕ್ಷಿತಾ.

"ನಿಲ್ಸಿದ್ರೂ ಸೋರ್ತ್, ಹೋದ್ರೂ ಸೋರ್ತ್. ಹೋಪ."

ಬ್ರಹ್ಮಾವರದ ಅಡುಗೆ ಚಪ್ಪರದ ಎದುರು ಕಾರು ನಿಂತಾಗ ಒಂಬತ್ತಕ್ಕೆ ಹತ್ತು ನಿಮಿಷ ಬಾಕಿ. ಪ್ರಫುಲ್ಲಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಸುಂದರಕ್ಕ, ಕಾರಂಗೆ ಬಂದ್ರ್ಯಾ! ಮದಿ ಹೆಣ್ಣ್ ಬಂದಂಗೆ ಬಂತಲೆ ಬಂಗ್ಡಿ!"

ಪೆಟ್ಟಿಗೆ ತೆರೆದು ಒಂದು ಮೀನನ್ನು ಬೆರಳಿನಿಂದ ಒತ್ತಿ ನೋಡಿದ ಪ್ರಫುಲ್ಲಾಳ ಮುಖ ಅರಳಿತು. "ಕಾಣಿ, ಇಂಥಾ ಮೀನ್ ಹೊತ್ತಿಗ್ ಸರಿ ತಂದ್ಕೊಡುವವ್ರ್ ನಂಗೆ ಸಿಕ್ಕುದಿಲ್ಲೆ. ಬುಧವಾರ, ಭಾನುವಾರ ಎರ್ಡ್ ದಿನ ಕಾಯಂ ಕೊಡುಕೆ ಆತ್ತಾ? ಒಂಬತ್ತರೊಳ್ಗೆ ಬರ್ಕ್, ಅಷ್ಟೇ."

"ಕಾಂಬ," ಎಂದಳು ಸುಂದರಿ, ಮಾತು ಕೊಡದೆ.

ವಾಪಸು ಹೊರಟು ಸಾಲಿಗ್ರಾಮ ದಾಟಿದ ಮೇಲೆ, ಕೇಳದಿದ್ದರೂ ಸುಂದರಿ ತಾನೇ ಹೇಳಿದಳು. ಮಂಡಿ ಸವೆದಿದೆ, ಇನ್ನು ಬುಟ್ಟಿ ಹೊರಬೇಡಿ ಎಂದು ಡಾಕ್ಟರ್ ಹೇಳಿ ಒಂದು ವರ್ಷವಾಯಿತು. ಯತೀಶನ ಗಾಡಿ ಬಂದ ದಿನ ವ್ಯಾಪಾರ, ಬಾರದ ದಿನ ಇಲ್ಲ. ಬೇರೆಯವರ ಗಾಡಿಯನ್ನು ನಂಬಿ ಕಾಯಂ ಕೊಡುತ್ತೇನೆ ಎಂದು ಹೇಗೆ ಮಾತು ಕೊಡುವುದು?

ಅಷ್ಟರಲ್ಲಿ ಜಿತೇಂದ್ರನ ಫೋನು ಬಂತು. ಸ್ವರ ಗಡುಸಾಗಿತ್ತು. "ಮೀನ್ ಇಳ್ಸಿ ಆಯ್ತಾ? ಆಯ್ತಲೆ. ಸೀದಾ ಇಲ್ಲಿಗ್ ಬನ್ನಿ."

ಅವನು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಕಾರಿನ ಹಿಂದಿನ ಬಾಗಿಲು ತೆರೆದವನು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಇದನ್ನೇ ಹೇಳದ್ದ್ ನಾನ್! ಈ ಕಾರನ್ನ ನಿಮ್ಮ ನಂತ್ರ ಮದಿ ದಿಬ್ಬಣದವ್ರ್ ಬುಕ್ ಮಾಡಿರ್. ಮದುಮಗ ಇದ್ರಂಗೆ ಕೂಕಂತ್ನಾ?"

"ತಪ್ಪ್ ನಂದೇ," ಎಂದಳು ಮೋಕ್ಷಿತಾ. "ಕ್ಲೀನ್ ಮಾಡ್ಸುಕೆ ಎಷ್ಟ್ ಆತ್ತೋ ಅಷ್ಟ್ ಕೊಡ್ತೆ. ಕಾರನ್ನ ವಾಪಸ್ ತಕಂಬುದಾದ್ರೂ ಸರಿ."

ಮೀನು ಹಾಕಿಲ್ಲ, ಯಾರದ್ದೋ ಚೀಲದ್ದು ವಾಸನೆ ಎಂದು ಎಷ್ಟು ಜನ ಜಿತೇಂದ್ರನ ಎದುರೇ ಸುಳ್ಳು ಹೇಳಿ ಹೋಗಿದ್ದರು. ಹಾಕುವ ಮೊದಲೇ ಮೆಸೇಜು ಮಾಡಿ ಹೇಳಿದವಳು ಇವಳೊಬ್ಬಳೇ. ಅವನು ಬಿಸಿನೀರು ತರಲೆಂದು ಒಳಗೆ ಹೊರಟ.

"ಹ್ವಾಯ್, ಬಿಸಿನೀರ್ ಬ್ಯಾಡ!" ಸುಂದರಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಿಸಿನೀರ್ ಹಾಕ್ರೆ ನಾತ ಅಲ್ಲೇ ಕೂಕಂತ್. ತಣ್ಣೀರ್ ತಾ. ಹುಳಿ ಇತ್ತಾ? ಹುಣ್ಸಿಹುಳಿ. ಮತ್ತೆ ಇದ್ದ್ಲಿ."

ಮೂವರೂ ಸೇರಿ ಹಿಂದಿನ ಸೀಟು ಬಿಚ್ಚಿ ಹೊರಗಿಟ್ಟರು. ತಣ್ಣೀರಿನಲ್ಲಿ ತೊಳೆದು, ಹುಣಸೆ ನೀರು ಹಚ್ಚಿ ತಿಕ್ಕಿ, ಮತ್ತೆ ತೊಳೆದು ಬಿಸಿಲಿಗೆ ಇಟ್ಟರು. ಕಾರಿನೊಳಗೆ ಇದ್ದಿಲಿನ ಪಾತ್ರೆ ಇಟ್ಟು ಬಾಗಿಲು ತೆರೆದಿಟ್ಟರು. ಎರಡು ಗಂಟೆಯ ಕೆಲಸ. ಮಧ್ಯದಲ್ಲಿ ಜಿತೇಂದ್ರ ಚಾ ತರಿಸಿದ. ಚಾ ಕುಡಿಯುತ್ತ ಮೋಕ್ಷಿತಾ ಪ್ರಫುಲ್ಲಾ ಕೇಳಿದ್ದನ್ನೂ, ಅತ್ತೆ ಮಾತು ಕೊಡದೆ ಬಂದದ್ದನ್ನೂ ಅವನಿಗೆ ಹೇಳಿದಳು.

ಸುಂದರಿ ಆಗ ಡ್ರೈವರ್ ಸೀಟಿನಲ್ಲಿ ಕೂತು ಎದುರಿನ ಗಾಜು ಒರೆಸುತ್ತಿದ್ದಳು. ಒರೆಸಿ ಮುಗಿದಿದ್ದರೂ ಇಳಿಯಲಿಲ್ಲ. ಕಾಲು ಚಾಚಿ ಕೆಳಗಿನ ಪೆಡಲುಗಳನ್ನು ಮುಟ್ಟಿದಳು.

"ಜಿತೇಂದ್ರ, ಇದ್ರಂಗೆ ಕ್ಲಚ್ ಅಂಬುದ್ ಯಾವ್ದ್?"

"ಎಡದ್ದ್, ಅಕ್ಕ."

ಅವಳು ಒತ್ತಿದಳು. "ಬುಟ್ಟಿ ಹೊರುವಷ್ಟ್ ನೋವಿಲ್ಲೆ," ಎಂದಳು, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ತಲೆ ಎತ್ತಿ ಇಬ್ಬರನ್ನೂ ನೋಡಿದಳು. "ನಾನ್ ಕಲಿಲಕ್ಕಾ? ಈ ಪ್ರಾಯದಂಗೆ?"

ಮೋಕ್ಷಿತಾ ಥಟ್ಟನೆ ಹೌದು ಎನ್ನುವವಳಿದ್ದಳು. ಆದರೆ ಜಿತೇಂದ್ರ ಮೊದಲು ಮಾತಾಡಿದ. ತಮಾಷೆ ಮಾಡಲಿಲ್ಲ. "ಕಲಿಲಕ್ಕ್. ಸೌಮ್ಯಶ್ರೀ ಅಂದೇಳಿ ಒಬ್ರ್ ಹೆಂಗ್ಸರಿಗೇ ಡ್ರೈವಿಂಗ್ ಕಲ್ಸ್ತ್ರ್. ಅರ್ವತ್ ವರ್ಷದ್ ಟೀಚರಿಗೂ ಕಲ್ಸಿರ್. ಅಕ್ಕ, ನಂದೊಂದ್ ಹಳೇ ಗೂಡ್ಸ್ ಗಾಡಿ ಹಿಂದ್ಗಡೆ ನಿಂತಿತ್ತ್. ಓಡ್ಸುವವ್ರಿಲ್ಲೆ. ನೀವ್ ಲೈಸೆನ್ಸ್ ಮಾಡ್ಸ್ಕಂಡ್ ಬನ್ನಿ. ತಿಂಗ್ಳ್ ಬಾಡ್ಗಿಗ್ ಕೊಡ್ತೆ."

"ಮಾತ್ ತಪ್ಪುಕಾಗ."

"ತಪ್ಪುದಿಲ್ಲೆ."

ಸುಂದರಿ ಐದನೇ ಕ್ಲಾಸಿನ ತನಕ ಕಲಿತವಳು. ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸಿನ ಪರೀಕ್ಷೆ ಕಂಪ್ಯೂಟರಿನಲ್ಲಿ, ಆದರೆ ಕನ್ನಡದಲ್ಲೂ ಬರೆಯಬಹುದು ಎಂದು ತಿಳಿದದ್ದೇ ಅವಳು ರಸ್ತೆ ಗುರುತುಗಳ ಪುಸ್ತಕವನ್ನು ಏಲಂ ಜಾಗಕ್ಕೂ ಒಯ್ಯತೊಡಗಿದಳು. ಮೀನು ಮಾರುವ ಹೆಂಗಸರು ಅವಳಿಗೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಿದರು. ಒಂಬತ್ತನೇ ದಿನ ಮೋಕ್ಷಿತಾ ಅದೇ ಬಾಡಿಗೆ ಕಾರಿನಲ್ಲಿ ಅವಳನ್ನು ಮಣಿಪಾಲದ ಆರ್‌ಟಿಒ ಕಚೇರಿಗೆ ಕರೆದುಕೊಂಡು ಹೋದಳು. ಒಳಗೆ ಹೋದ ಸುಂದರಿ ಹೊರಗೆ ಬರುವ ತನಕ ಮೋಕ್ಷಿತಾ ಮೆಟ್ಟಿಲ ಮೇಲೆ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದಳು.

ಸುಂದರಿ ಮುಖ ಸಪ್ಪಗೆ ಮಾಡಿಕೊಂಡು ಬಂದಳು. "ಎರ್ಡ್ ತಪ್ಪಾಯ್ತ್."

"ಅಂದ್ರೆ?"

"ಅಂದ್ರೆ ಪಾಸ್, ಮಾರಾಯ್ತಿ!"

ಕಚೇರಿಯ ಎದುರೇ ಇಬ್ಬರೂ ತಬ್ಬಿಕೊಂಡರು. ಆ ಸಂಜೆ ಪ್ರೇಮಾನಂದನಿಗೆ ಫೋನ್ ಮಾಡಿದಾಗ ಅವನು ಮೊದಲು ಬೈದ, ಆಮೇಲೆ ಅತ್ತ. ತಮ್ಮನ ಅಳು ಕೇಳಿ ಸುಂದರಿ, "ಸತ್ತದ್ದಲ್ಲ ನಾನ್, ಕಾರ್ ಕಲಿತಿಪ್ಪುದ್," ಎಂದು ಗದರಿಸಿದಳು.

ಮರುದಿನ ಮೋಕ್ಷಿತಾ ಕಾರು ಹಿಂತಿರುಗಿಸಿದಳು. ಜಿತೇಂದ್ರ ಒಳಗೆ ತಲೆಹಾಕಿ, ದೀರ್ಘವಾಗಿ ಉಸಿರೆಳೆದು ನೋಡಿ, ಇಟ್ಟುಕೊಂಡಿದ್ದ ಮುಂಗಡವನ್ನು ಪೂರ್ತಿ ಕೊಟ್ಟ. ಇನ್ನೊಂದು ವಾರ ಇದ್ದ ಮೋಕ್ಷಿತಾ ಎರಡು ಸಂಜೆ ಸೌಮ್ಯಶ್ರೀಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಅತ್ತೆ ಕೋಡಿಯ ರಸ್ತೆಯಲ್ಲಿ ಒಂದನೇ ಗೇರಿನಿಂದ ಎರಡಕ್ಕೆ ಹೋಗುವುದನ್ನು ಕಂಡು, ವಿಮಾನ ಹತ್ತಿದಳು.

ಸುಂದರಿಗೆ ಲೈಸೆನ್ಸ್ ಸಿಕ್ಕಿದ್ದು ಮಾರ್ಚಿನಲ್ಲಿ, ಎರಡನೇ ಪ್ರಯತ್ನದಲ್ಲಿ. ಮೊದಲ ಸಲ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿಸಿದ್ದಳು. ಜಿತೇಂದ್ರ ಮಾತು ತಪ್ಪಲಿಲ್ಲ. ಗೂಡ್ಸ್ ಗಾಡಿಗೆ ಹೊಸ ಬ್ಯಾಟರಿ ಹಾಕಿಸಿ ಕೀಲಿಕೈ ಕೊಟ್ಟ. ಬುಧವಾರ, ಭಾನುವಾರ ಬ್ರಹ್ಮಾವರದ ಪ್ರಫುಲ್ಲಾಳಿಗೆ. ಉಳಿದ ದಿನಗಳಲ್ಲಿ, ಬೆಳಗಿನ ಮೀನು ಮಧ್ಯಾಹ್ನಕ್ಕೆ ಮುಟ್ಟುತ್ತಿದ್ದ ಒಳಊರುಗಳಿಗೆ.

ಅಂಥ ಊರುಗಳಲ್ಲೊಂದಾದ ಬಿಜೂರಿಗೆ ಮೊದಲ ಸಲ ಗಾಡಿ ಒಯ್ದ ದಿನ ಅವಳು ಗದ್ದೆಯ ಬದಿಯ ರಸ್ತೆಯಲ್ಲಿ ನಿಧಾನ ಹೋಗುತ್ತ, ಮನೆಗಳ ಎದುರು ಹಾರ್ನ್ ಹಾಕಿದಳು. ಬೆಳಗಿನ ಎಂಟು ಗಂಟೆ. ಹೆಂಗಸರು ಪಾತ್ರೆ ಹಿಡಿದು ಬಂದರು. ಮೊದಲು ಮೀನು ನೋಡಿದರು, ಆಮೇಲೆ ಸ್ಟೇರಿಂಗ್ ಹಿಂದಿನಿಂದ ಇಳಿದವಳನ್ನು ನೋಡಿದರು. ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಖಾಲಿಯಾಯಿತು. ತಡವಾಗಿ ಓಡಿಬಂದ ಒಬ್ಬಳು ಖಾಲಿ ಪಾತ್ರೆ ಹಿಡಿದು ನಿಂತಳು.

"ನಾಳೆ ಬತ್ರಿಯಾ?"

"ನಾಳೆ ಬ್ರಹ್ಮಾವರ," ಎಂದಳು ಸುಂದರಿ, ಗಾಡಿ ಹತ್ತುತ್ತ. "ನಾಡ್ದ್ ಬತ್ತೆ. ನಿಮ್ಗೆ ಎರ್ಡ್ ಕಿಲೋ ತೆಗ್ದಿಡ್ತೆ."